ಡೇರೆಯಲ್ಲಿ ಬರೆದ ಮೀನುಗಳು

ಆ ರತ್ನಗಂಬಳಿ ಕಾರ್ಖಾನೆಯಲ್ಲಿ ಮಗ್ಗ ನಾಲ್ಕಿದ್ದವು, ಕಂಪ್ಯೂಟರ್ ಒಂದೇ ಇತ್ತು. ಒಂದೇ ಆದರೂ ಅದರೊಳಗೆ ಮೂರು ಮನೆಗಳಿದ್ದವು. ಯಜಮಾನನದೊಂದು, ಗುಮಾಸ್ತನದೊಂದು, ಚಿತ್ರ ಬರೆಯುವವಳದೊಂದು. ಯಜಮಾನ ತನ್ನ ಮನೆಗೆ ವರ್ಷಕ್ಕೆ ಎರಡು ಸಲ ಕಾಲಿಡುತ್ತಿದ್ದ, ಅದೂ ಬೀಗದ ಕೈ ಮರೆತು ಬೈದುಕೊಂಡು. ಗುಮಾಸ್ತ ತನ್ನ ಮನೆಯಲ್ಲಿ ಬೆಳಗ್ಗೆ ಒಂದು ಗಂಟೆ ಹೊತ್ತು ಕೂತು ಪತ್ರಗಳನ್ನು ಬಡಿದು ಹೋಗುತ್ತಿದ್ದ. ಉಳಿದ ಹೊತ್ತೆಲ್ಲ ಪೆಟ್ಟಿಗೆ ಚಿತ್ರ ಬರೆಯುವವಳದು.

ಅವಳಿಗೆ ಎಲ್ಲರೂ ಇಟ್ಟಿದ್ದ ಹೆಸರು ಚೌಕಮ್ಮ. ರತ್ನಗಂಬಳಿಯ ಚಿತ್ರವೆಂದರೆ ಚೌಕುಳಿ ಹಾಳೆಯ ಚಿತ್ರ. ಒಂದು ಚೌಕಕ್ಕೆ ಮಗ್ಗದಲ್ಲಿ ಒಂದು ಗಂಟು. ಬೆಳಗಿನಿಂದ ಸಂಜೆಯವರೆಗೆ ಅವಳು ತುಂಬುತ್ತಿದ್ದುದು ಚೌಕಗಳನ್ನೇ. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ತಣ್ಣಗೆ ಮಲಗಿತ್ತು.

ಮೂರು ಮನೆಗಳ ಲೆಕ್ಕ ಹಾಕಿಕೊಟ್ಟವಳು ಚೌಕಮ್ಮನ ನಾದಿನಿ. ಎರಡು ಬೀದಿ ಆಚೆಗೆ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಬಾಯಲ್ಲಿ ಸದಾ ಒಂದು ತಿರುಪು ಮೊಳೆ ಕಚ್ಚಿಕೊಂಡಿರುವವಳು. ಮೊದಲ ವಾರವೇ ಬಂದು ಹೇಳಿದ್ದಳು:

"ಅತ್ತಿಗೆ, ಕಟ್ಟಡ ಒಂದೇ, ಮನೆ ಬೇರೆ ಬೇರೆ ಅಂತ ತಿಳ್ಕೊಳ್ಳಿ. ನಿಮ್ಮ ಗುಟ್ಟಿನ ಪದ ಹಾಕಿದ್ರೆ ನಿಮ್ಮ ಬಾಗಿಲು ತೆರೆಯುತ್ತೆ. ನಿಮ್ಮ ಚಿತ್ರ ನಿಮ್ಮ ಕಪಾಟಲ್ಲಿ. ನೀವು ಯಾವ ಬಣ್ಣ ಎಲ್ಲಿಟ್ಟಿದ್ರಿ, ಯಾವ ಸಲಕರಣೆ ಹೇಗೆ ತಿರುಗಿಸಿಟ್ಟಿದ್ರಿ, ಅದೆಲ್ಲಾ ಅಟ್ಟದ ಮೇಲೆ ಒಂದು ಪೆಟ್ಟಿಗೇಲಿ ಬರೆದಿಟ್ಟಿರುತ್ತೆ. ಅಟ್ಟ ನಿಮ್ಮ ಕಣ್ಣಿಗೆ ಕಾಣಲ್ಲ. ಆದ್ರೆ ನೀವು ಒಳಗೆ ಕಾಲಿಟ್ಟ ತಕ್ಷಣ ಅದನ್ನ ಓದ್ಕೊಂಡೇ ಮನೆ ಸಿಂಗಾರ ಆಗೋದು."

"ಗುಮಾಸ್ತರು ನನ್ನ ಮನೆಗೆ ಬರೋ ಹಾಗಿಲ್ವಾ?"

"ಬೀಗ ಹಾಕಿದ್ರೆ ಹೇಗೆ ಬರ್ತಾರೆ?"

ಆ ಮಾತು ನಿಜವೆಂದು ಗೊತ್ತಾದದ್ದು ಚೌಕಮ್ಮ ಬೀಗ ಹಾಕದೆ ಎದ್ದ ದಿನ. ಗುಮಾಸ್ತ ತನ್ನ ಮನೆಯೆಂದೇ ಭಾವಿಸಿ ಕೂತು, ಕೀಲಿಮಣೆಯ ಮೇಲೆ ದಪ್ಪ ಪುಸ್ತಕ ಇಟ್ಟು, ಕನ್ನಡಕ ಹುಡುಕಿಕೊಂಡು ಹೋದ. ಪುಸ್ತಕದ ಭಾರಕ್ಕೆ ತೆರೆಯ ಮೇಲೆ ಅವಳು ಬರೆಯುತ್ತಿದ್ದ ಮೊಲದ ಕಿವಿ ಬೆಳೆಯುತ್ತಲೇ ಹೋಯಿತು. ಅದು ನಾಲ್ಕು ಬೆರಳು ಉದ್ದವಾಗಿ ಮಗ್ಗದಲ್ಲಿ ನೇಯ್ದು ಮುಗಿಯುವವರೆಗೂ ಯಾರಿಗೂ ಕಾಣಲಿಲ್ಲ; ಕಂಡಾಗ, ಅದು ಮೊಲವೋ ಕತ್ತೆಯೋ ಎಂಬ ಬಗ್ಗೆ ಕಾರ್ಖಾನೆ ಎರಡು ಪಕ್ಷವಾಯಿತು. ಅಂದಿನಿಂದ ಕಾನೂನು ಬಂತು: ಎದ್ದವರು ಬಾಗಿಲು ಹಾಕಿ ಏಳಬೇಕು. ಮರೆತವರಿಗೆ ಯಜಮಾನನ ಭಾಷಣ. ಆ ಭಾಷಣ ಮೊಲದಿಂದ ಶುರುವಾಗಿ ಶಿಸ್ತು, ಸಮಯ, ಅವನ ತಂದೆಯ ಕಾಲದ ಮಗ್ಗಗಳನ್ನು ಸುತ್ತಿ ಮತ್ತೆ ಮೊಲಕ್ಕೇ ಬಂದು ನಿಲ್ಲುತ್ತಿತ್ತು. ಒಮ್ಮೆ ಕೇಳಿದವರು ಇನ್ನೊಮ್ಮೆ ಮರೆಯುತ್ತಿರಲಿಲ್ಲ.

ಮೊದಲ ಮಗ್ಗದಲ್ಲಿ ಕೂರುತ್ತಿದ್ದವಳು ಯಜಮಾನನ ಅಕ್ಕ. ಮನೆಯವರಿಗೂ ಕೆಲಸದವರಿಗೂ ಅವಳು ದೊಡ್ಡಮ್ಮ. ನಲವತ್ತು ವರ್ಷ ಗಂಟು ಹಾಕಿದ ಬೆರಳು, ತುದಿಯಲ್ಲಿ ಚಪ್ಪಟೆ. ಕಂಪ್ಯೂಟರಿನ ವಿದ್ಯೆಯಲ್ಲಿ ಅವಳಿಗೆ ಬರುತ್ತಿದ್ದುದು ಒಂದೇ: ಬಾಗಿಲು ಹಾಕುವುದು. ಯಾರಾದರೂ ಮರೆತು ಎದ್ದು ಹೋದರೆ ತಮ್ಮನ ಕಣ್ಣಿಗೆ ಬೀಳುವ ಮೊದಲೇ ಹೋಗಿ, ಮೂಲೆಯ ಗುರುತು ಒತ್ತಿ, ಬರುವ ಪ್ರಶ್ನೆಗೆಲ್ಲ ಹೂಂ ಎಂದು ಒತ್ತಿ, ಮನೆಗೆ ಬೀಗ ಹಾಕಿ ಬರುತ್ತಿದ್ದಳು. "ಪಾಪ, ಭಾಷಣ ತಪ್ಪಿತು" ಎಂದು ಮಗ್ಗದ ಹಿಂದೆ ಕೂತು ನಗುತ್ತಿದ್ದಳು.

ಹೀಗಿರುವಾಗ ಊರಿನ ಗ್ರಂಥಾಲಯದಿಂದ ಒಂದು ಕೆಲಸ ಬಂತು. ಮಕ್ಕಳು ನೆಲದ ಮೇಲೆ ಕೂತು ಓದುವ ಕೋಣೆಗೆ ಒಂದು ದೊಡ್ಡ ರತ್ನಗಂಬಳಿ. ನೀಲಿ ಕೊಳ, ಕೊಳದ ತುಂಬ ಮೀನು, ಎಣಿಸಿ ಮೂವತ್ತಾರು. ಚೌಕಮ್ಮ ಒಂಬತ್ತು ದಿನ ಕೂತು ಬರೆದಳು. ಹತ್ತನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಗ್ರಂಥಪಾಲಕಿ ಮೇಡಂ ನೋಡಲು ಬರುವವರಿದ್ದರು.

ಹಿಂದಿನ ಸಂಜೆ ಯಜಮಾನ ಬಾಗಿಲಿಗೆ ಒರಗಿ ನಿಂತು, ಹಲ್ಲು ಕಡ್ಡಿ ಆಡಿಸುತ್ತ ಹೇಳಿದ್ದ: "ನೋಡಮ್ಮ, ಈಗ ಸಿದ್ಧ ಚಿತ್ರಗಳೇ ಸಿಗ್ತವೆ. ಬೇಕಾದ್ದು ಆರಿಸ್ಕೊಂಡು ಮಗ್ಗಕ್ಕೆ ಹಾಕೋದು, ಅಷ್ಟೆ. ನಾಳೆ ಆ ಮೇಡಂ ಒಪ್ಪಿ ಸಹಿ ಹಾಕಿದ್ರೆ ಸರಿ, ನೀನು ಬರೀತಾ ಇರು. ಒಪ್ಪಲಿಲ್ಲ ಅಂದ್ರೆ ಬರೆಯೋ ಕುರ್ಚಿ ಎತ್ತಿ ಅಲ್ಲಿ ನೂಲಿನ ಮೂಟೆ ಇಡ್ತೀನಿ. ಬೇಜಾರು ಮಾಡ್ಕೋಬೇಡ."

"ಇಲ್ಲ" ಅಂದಿದ್ದಳು ಚೌಕಮ್ಮ. ಬೇಜಾರು ಮಾಡಿಕೊಳ್ಳಬೇಡ ಎನ್ನುವವರ ಮುಂದೆ ಬೇರೇನು ಹೇಳುವುದು.

ಹತ್ತನೆಯ ದಿನ ಬೆಳಗ್ಗೆ ಎಂಟಕ್ಕೆ ಬಂದು ಗುಟ್ಟಿನ ಪದ ಹಾಕಿದಳು. ಬಾಗಿಲು ತೆರೆಯಿತು, ಆದರೆ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಒಳಗೆ ನೋಡಿದರೆ ಅದು ಅವಳ ಮನೆಯಲ್ಲ. ತೆರೆಯ ಮೇಲೆ ಅವಳು ಹಾಕಿಕೊಂಡಿದ್ದ ಮಗಳ ಫೋಟೊ ಇರಲಿಲ್ಲ. ಅಂಗಡಿಯಿಂದ ತಂದ ದಿನ ಇದ್ದ ಬೋಳು ನೀಲಿ. ಕಪಾಟು ಖಾಲಿ. ಒಂಬತ್ತು ದಿನದ ಕೊಳ ಇಲ್ಲ. ಮೂಲೆಯಲ್ಲಿ ಸಣ್ಣ ಅಕ್ಷರದ ಸೂಚನೆಯೊಂದು ಎದ್ದಿತು. ಎಲ್ಲ ಸೂಚನೆಗಳಿಗೂ ಮಾಡುವಂತೆ ಅದನ್ನೂ ಓದದೆ ಮುಚ್ಚಿದಳು. ದಿನಕ್ಕೆ ಹತ್ತು ಸೂಚನೆ ಏಳುತ್ತವೆ. ಎಲ್ಲದಕ್ಕೂ ಗಮನ ಕೊಡುವವರು ಕೆಲಸ ಮಾಡುವುದು ಯಾವಾಗ?

ಅವಳ ಮೊದಲ ಅನುಮಾನ ಗುಮಾಸ್ತನ ಮೇಲೆ ಹೋಯಿತು.

"ನನ್ನ ಮನೇಲಿ ಏನಾದ್ರೂ ಮುಟ್ಟಿದ್ರಾ?"

"ಮೊಲ ಆದ್ಮೇಲೆ ನಾನು ಈ ಪೆಟ್ಟಿಗೆ ಮುಂದೆ ಪುಸ್ತಕಾನೇ ತರಲ್ಲ ತಾಯಿ" ಎಂದ ಗುಮಾಸ್ತ, ಎರಡೂ ಕೈ ಎತ್ತಿ.

ನಾದಿನಿಗೆ ಫೋನು ಮಾಡಿದಳು. ಅತ್ತ ಕಡೆ ಯಾರದೋ ಯಂತ್ರ ಗುಂಯ್ ಎನ್ನುತ್ತಿತ್ತು. "ಅತ್ತಿಗೆ, ಕೈ ತುಂಬ ಕೆಲಸ, ಮೂರು ಗಂಟೆಗೆ ಬರ್ತೀನಿ" ಎಂದವಳೇ, ಇವಳು ಇನ್ನೇನಾದರೂ ಕೇಳುವ ಮೊದಲೇ ಇಟ್ಟುಬಿಟ್ಟಳು.

ಮೂರು ಗಂಟೆಗೆ ಬಂದು ಹುಡುಕಿ ಸಿಗದಿದ್ದರೆ? ಚೌಕಮ್ಮ ಗಡಿಯಾರ ನೋಡಿದಳು, ಕುರ್ಚಿ ನೋಡಿದಳು. ಬರೆದ ಕೈ ಅಲ್ಲೇ ಇತ್ತಲ್ಲ. ಮತ್ತೆ ಬರೆಯಲು ಕೂತಳು.

ಚಿತ್ರದ ತಂತ್ರಾಂಶ ತೆರೆದಾಗ ಅದೂ ಬೋಳು. ಅವಳ ಎಪ್ಪತ್ತು ಬಣ್ಣಗಳ ಸಾಲು ಇರಲಿಲ್ಲ, ಹನ್ನೆರಡು ಇದ್ದವು. ಒಮ್ಮೆ ಬರೆದು ಎತ್ತಿಟ್ಟಿದ್ದ ಮೀನಿನ ಅಚ್ಚು ಇರಲಿಲ್ಲ. ಎಡಕ್ಕೆ ಒಂದು ಮೀನು ಬರೆದಳು. ಬಲಕ್ಕೆ ಏನೂ ಮೂಡಲಿಲ್ಲ. ಎರಡು ಸಲ ಕಣ್ಣು ಮಿಟುಕಿಸಿದಳು. ಎಡಕ್ಕೆ ಬರೆದದ್ದು ಕನ್ನಡಿಯಲ್ಲಿ ಕಂಡಂತೆ ಬಲಕ್ಕೂ ತಾನೇ ಮೂಡುವುದು ಯಂತ್ರದ ಗುಣವೆಂದೇ ಅವಳು ಇಷ್ಟು ದಿನ ತಿಳಿದಿದ್ದಳು. ನಾದಿನಿ ಮೊದಲ ವಾರ ಏನನ್ನೋ ತಿರುಗಿಸಿಟ್ಟು ಹೋಗಿದ್ದು ಮರೆತೇಹೋಗಿತ್ತು. ಎಲ್ಲಿ ತಿರುಗಿಸಿದ್ದಳೋ, ದೇವರಿಗೇ ಗೊತ್ತು.

ಸರಿ, ಬಲಕ್ಕೂ ಕೈಯಲ್ಲೇ ಬರೆದಳು. ಬಲದ್ದು ಎಡದ್ದಕ್ಕಿಂತ ಚೂರು ದಪ್ಪಗಾಯಿತು. ಅಳಿಸಿ ಸರಿಮಾಡಲು ಹೊತ್ತಿರಲಿಲ್ಲ. ಮೂರನೆಯದಕ್ಕೆ ಬಾಲ ಸೊಟ್ಟಗಾಯಿತು, ನಾಲ್ಕನೆಯದು ಮೂರನೆಯದನ್ನು ಹಿಂತಿರುಗಿ ನೋಡುವಂತಾಯಿತು. ಹನ್ನೆರಡೇ ಬಣ್ಣವಾದ್ದರಿಂದ ಕಿತ್ತಳೆ ಮೀನಿನ ಪಕ್ಕ ಹಸಿರು ಬಂತು, ಹಸಿರಿನ ಪಕ್ಕ ಬಣ್ಣ ಸಾಲದೆ ಅರ್ಧ ಕಪ್ಪು ಅರ್ಧ ಬಿಳಿ ಬಂತು. ಹತ್ತು ಮೀನಾಗುವ ಹೊತ್ತಿಗೆ ಅವಳು ಗಡಿಯಾರ ನೋಡುವುದನ್ನು ಬಿಟ್ಟಿದ್ದಳು.

ದೊಡ್ಡಮ್ಮ ನೂಲು ತರಲು ಹೋಗುವಾಗಲೆಲ್ಲ ಕುರ್ಚಿಯ ಹಿಂದೆ ನಿಲ್ಲುತ್ತಿದ್ದಳು.

"ಇದ್ಯಾಕೆ ಮುಖ ಊದಿಸ್ಕೊಂಡಿದೆ?"

"ಅದು ಊದಿಲ್ಲ ದೊಡ್ಡಮ್ಮ, ದವಡೆ ಅಗಲ ಆಯ್ತು."

"ನಮ್ಮ ತಮ್ಮ ಭಾಷಣಕ್ಕೆ ಮುಂಚೆ ಹೀಗೇ ಕಾಣ್ತಾನೆ. ಇರ್ಲಿ ಬಿಡು, ಅಳಿಸ್ಬೇಡ. ಇವನು ಯಾಕೆ ಗುಂಪು ಬಿಟ್ಟು ಹೊರಟ?"

"ಜಾಗ ಸಾಲಲಿಲ್ಲ."

"ಹೆಂಡ್ತಿ ಹತ್ರ ಜಗಳ ಆಡ್ಕೊಂಡು ಹೊರಟಿರ್ಬೇಕು" ಎಂದು ತೀರ್ಪು ಕೊಟ್ಟು ದೊಡ್ಡಮ್ಮ ಮಗ್ಗಕ್ಕೆ ಮರಳಿದಳು. ಮುಂದಿನ ಸಲ ಬಂದಾಗ ಹೆಂಡತಿಯನ್ನು ಹುಡುಕಿ, ಇವಳೇ ಎಂದು ಒಂದು ಹಳದಿ ಮೀನಿನತ್ತ ಬೆರಳು ತೋರಿಸಿದಳು.

ಒಂದೂವರೆಗೆ ಮೂವತ್ತಾರನೆಯದೂ ಮುಗಿಯಿತು. ಚೌಕಮ್ಮ ಚಿತ್ರವನ್ನು ತೆರೆಯ ಮೇಲೇ ಉಳಿಸಿದಳು, ಕಣ್ಣಿಗೆ ಕಾಣುವಂತೆ. ಎರಡು ಸಲ ಉಳಿಸಿದಳು. ಹಿಂದಕ್ಕೆ ಒರಗಿ ನೋಡಿದಾಗ ಕಳೆದುಹೋದ ಕೊಳಕ್ಕಿಂತ ಇದು ಚೆನ್ನಾಗಿದೆ ಎನ್ನಿಸಿತು. ಹಳೆಯದರಲ್ಲಿ ಮೀನುಗಳು ಸಾಲಾಗಿ ಶಾಲೆಗೆ ಹೊರಟಂತಿದ್ದವು. ಇವು ಗಂಟೆ ಬಾರಿಸಿದ ಮೇಲೆ ಶಾಲೆ ಬಿಟ್ಟು ಹೊರಬಂದಂತಿದ್ದವು. ಕತ್ತು ಹಿಡಿದುಕೊಂಡಿತ್ತು. ಮುಖ ತೊಳೆದು, ತಂದ ಬುತ್ತಿ ಬಿಚ್ಚೋಣವೆಂದು ಹಿತ್ತಲಿಗೆ ಹೋದಳು. ಬಾಗಿಲು ಹಾಕಲು ಮರೆತಳು.

ಮರೆತದ್ದನ್ನು ದೊಡ್ಡಮ್ಮ ಕಂಡಳು. ಅದೇ ಹೊತ್ತಿಗೆ ಅಂಗಳದಲ್ಲಿ ತಮ್ಮನ ಚಪ್ಪಲಿಯ ಸದ್ದೂ ಕೇಳಿಸಿತು. ಇವತ್ತಿನ ದಿನ ಈ ಹುಡುಗಿಗೆ ಭಾಷಣವೊಂದು ಬೇರೆ ಬೇಡವೆಂದು ಬೇಗ ಬೇಗ ಎದ್ದು ಹೋಗಿ, ಮೂಲೆ ಒತ್ತಿ, ಪ್ರಶ್ನೆಗೆ ಹೂಂ ಎಂದು, ಬೀಗ ಹಾಕಿ, ತಾನೇನೂ ಮಾಡಿಲ್ಲವೆಂಬಂತೆ ಮಗ್ಗದ ಹಿಂದೆ ಬಂದು ಕೂತಳು.

ಚೌಕಮ್ಮ ಮರಳಿ ಬಂದು ಗುಟ್ಟಿನ ಪದ ಹಾಕಿದಾಗ ಅದೇ ಬೋಳು ನೀಲಿ ತೆರೆಯಿತು. ಕಪಾಟು ಖಾಲಿ. ತೆರೆಯ ಮೇಲೆ ಏನೂ ಇರಲಿಲ್ಲ. ಮೂಲೆಯಲ್ಲಿ ಮತ್ತೆ ಸಣ್ಣ ಸೂಚನೆ ಎದ್ದಿತು. ಈ ಸಲ ಅವಳು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು.

ನೀವು ತಾತ್ಕಾಲಿಕ ಖಾತೆಯಲ್ಲಿದ್ದೀರಿ. ಹೊರಗೆ ಹೋದಾಗ ಇಲ್ಲಿ ಮಾಡಿದ ಎಲ್ಲವೂ ಅಳಿಸಿಹೋಗುತ್ತದೆ.

ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ದೊಡ್ಡಮ್ಮ ಅಲ್ಲಿಂದಲೇ, "ಬಾಗಿಲು ನಾನೇ ಹಾಕ್ದೆ ಕಣೇ. ಇಲ್ದಿದ್ರೆ ಇಷ್ಟೊತ್ತಿಗೆ ಮೊಲದ ಪುರಾಣ ಕೇಳ್ತಿದ್ದೆ" ಎಂದಳು. ನಗುತ್ತ ಎದ್ದು ಬಂದಳು. ಬೋಳು ತೆರೆ ನೋಡಿದಳು. "ಮೀನೆಲ್ಲಿ?" ಎಂದಳು. ಚೌಕಮ್ಮ ಸೂಚನೆಯನ್ನು ಓದಿ ಹೇಳಿದಳು.

ನಾದಿನಿ ಬಂದಾಗ ಮೂರಾಗಿ ಐದು ನಿಮಿಷ. ನಿಂತುಕೊಂಡೇ ಏನೇನೋ ತೆರೆದಳು, ಮುಚ್ಚಿದಳು, ತಿರುಪು ಮೊಳೆಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿದಳು.

"ನಿಮ್ಮ ಮನೆ ಇದೆ ಅತ್ತಿಗೆ. ಎಲ್ಲೂ ಹೋಗಿಲ್ಲ. ಅಟ್ಟದ ಮೇಲಿನ ಪೆಟ್ಟಿಗೇಲಿ ಒಂದು ಹಾಳೆ ಹರಿದಿದೆ, ಅದನ್ನ ಓದೋಕಾಗದೆ ಕಂಪ್ಯೂಟರಿಗೆ ನಿಮ್ಮ ಗುರುತು ಸಿಕ್ಕಿಲ್ಲ. ನಿಮ್ಮನ್ನ ಬೀದೀಲಿ ನಿಲ್ಲಿಸೋದು ಬೇಡ ಅಂತ ಅಂಗಳದಲ್ಲಿ ಒಂದು ಡೇರೆ ಹಾಕಿಕೊಟ್ಟಿದೆ, ಇವತ್ತಿನ ಮಟ್ಟಿಗೆ. ಬಾಗಿಲು ಹಾಕಿದ ಕೂಡ್ಲೇ ಡೇರೆ ಕಿತ್ತು ಮಡಚಿಬಿಡುತ್ತೆ."

"ನಾನು ಉಳಿಸಿದ್ದೆ. ಎರಡು ಸಲ."

"ಡೇರೇಲಿ ಉಳಿಸಿದ್ದು ಡೇರೆ ಜೊತೆಗೇ. ಬೇರೆ ಎಲ್ಲಾದ್ರೂ ಇಟ್ಟಿದ್ರೆ, ಗುಮಾಸ್ತರೂ ನೀವೂ ಹಂಚ್ಕೊಳ್ಳೋ ಜಗಲೀಲಿ ಇಟ್ಟಿದ್ರೂ ಇರೋದು."

"ಹುಡುಕಿದ್ರೆ ಸಿಗಲ್ವಾ?" ಎಂದು ಕೇಳಿದವಳು ದೊಡ್ಡಮ್ಮ.

"ಈ ತರದ ಡಿಸ್ಕಲ್ಲಿ ಅಳಿಸಿದ್ದು ಅಳಿಸಿದ್ದೇ ದೊಡ್ಡಮ್ಮ." ನಾದಿನಿ ಮತ್ತೇನೋ ಒತ್ತಿದಳು. "ಆದ್ರೆ ಇಲ್ನೋಡಿ."

ತೆರೆಯ ಮೇಲೆ ಒಂಬತ್ತು ದಿನದ ಕೊಳ ಬಂದು ನಿಂತಿತು. ಮೂವತ್ತಾರು ಮೀನು, ಹದಿನೆಂಟು ಎಡಕ್ಕೆ, ಹದಿನೆಂಟು ಬಲಕ್ಕೆ, ಒಂದು ಗಂಟೂ ಹೆಚ್ಚು ಕಡಿಮೆ ಇಲ್ಲ. ಬೆಳಗ್ಗೆ ಇದು ಸಿಕ್ಕಿದ್ದರೆ ಚೌಕಮ್ಮ ನಾದಿನಿಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳೇನೋ. ಈಗ ಬರೀ "ಸಿಕ್ತಾ" ಎಂದಳು.

"ನಿಮಗೆ ಹೊಸ ಮನೆ ಕಟ್ಟಿ ಎಲ್ಲಾ ಅಲ್ಲಿಗೆ ಸಾಗಿಸ್ತೀನಿ. ಕಪಾಟಿನ ಸಾಮಾನು ಸರಿ. ಅಟ್ಟದ ಮೇಲಿಂದು? ಬಣ್ಣ, ಅಚ್ಚು, ಹಳೇ ಅಭ್ಯಾಸ ಎಲ್ಲಾ ತರ್ಲಾ? ಹರಿದ ಹಾಳೆ ಒಂದು ಬಿಟ್ಟು ಉಳಿದದ್ದೆಲ್ಲಾ ಚೆನ್ನಾಗಿದೆ."

"ತಾ. ಎಲ್ಲಾ ತಾ."

ನಾಲ್ಕಕ್ಕೆ ಸರಿಯಾಗಿ ಗ್ರಂಥಪಾಲಕಿ ಬಂದರು. ಸಣ್ಣ ಮೈಕಟ್ಟು, ದೊಡ್ಡ ಚೀಲ, ಮಕ್ಕಳ ಜೊತೆ ಮಾತಾಡಿ ಅಭ್ಯಾಸವಾದ ಮೆಲುದನಿ. ಯಜಮಾನ ಕುರ್ಚಿ ಎಳೆದು ಹಾಕಿ, ಮುದ್ರಿಸಿದ ಚಿತ್ರವನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ನೂಲಿನ ಉಂಡೆ ಇಟ್ಟ. ಮೇಡಂ ನೋಡಿದರು. ನೆಂಟರ ಮನೆಯ ಹೊಸ ಪರದೆ ನೋಡಿ ಹೇಳುವ ಹಾಗೆ, "ಚೆನ್ನಾಗಿದೆ. ಅಚ್ಚುಕಟ್ಟಾಗಿದೆ" ಎಂದರು. ಯಜಮಾನ ಪೆನ್ನಿನ ಮುಚ್ಚಳ ತೆಗೆದು ಅವರ ಕೈಗಿಟ್ಟ.

ಚೌಕಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಒಂದು ಗೀಟು, ಒಂದು ದಿನಾಂಕ. ಅಷ್ಟಾದರೆ ನೂಲಿನ ಮೂಟೆಗೆ ಬೇರೆ ಜಾಗ ಹುಡುಕಬೇಕಾಗುತ್ತಿತ್ತು. ಪೆನ್ನು ಹಾಳೆಗೆ ತಾಗುವುದರಲ್ಲಿತ್ತು.

ಮಗ್ಗದ ಹಿಂದೆ ಮೊಣಕಾಲು ಚಟಕ್ ಎಂದಿತು.

"ಮೇಡಂ, ಇನ್ನೊಂದಿತ್ತು" ಎಂದಳು ದೊಡ್ಡಮ್ಮ. "ಇದಕ್ಕಿಂತ ಚೆನ್ನಾಗಿತ್ತು. ನಾನೇ ಹಾಳು ಮಾಡಿದ್ದು."

"ಅಕ್ಕ, ನೀನು ಸುಮ್ನಿರು" ಎಂದ ಯಜಮಾನ.

"ನಲವತ್ತು ವರ್ಷದಿಂದ ಸುಮ್ನೆ ಗಂಟು ಹಾಕ್ತಾನೇ ಇದ್ದೀನಿ ಕಣೋ. ಮೇಡಂ, ಅದ್ರಲ್ಲಿ ಒಬ್ಬ ಹೆಂಡ್ತಿ ಹತ್ರ ಜಗಳ ಆಡ್ಕೊಂಡು ಹೊರಟಿದ್ದ. ಒಬ್ಬನಿಗೆ ಬಾಲ ಸೊಟ್ಟ. ಒಬ್ಬನಿಗೆ ನಮ್ಮ ಈ ತಮ್ಮನ ಹಾಗೇ ದವಡೆ. ಒಂದರ ಹಾಗೆ ಇನ್ನೊಂದು ಇರ್ಲಿಲ್ಲ. ನಿಮ್ಮ ಮಕ್ಕಳು ಇದ್ರ ಮೇಲೆ ಕೂತ್ರೆ ಏನು ನೋಡ್ತಾರೆ? ಒಂದು ಮೀನು ನೋಡಿದ್ರೆ ಮುಗೀತು, ಎಲ್ಲಾ ಅದೇ."

ಮೇಡಂ ಪೆನ್ನನ್ನು ಹಾಳೆಯಿಂದ ಎತ್ತಿದರು. ಯಜಮಾನನ ದವಡೆ ನಿಜಕ್ಕೂ ಅಗಲವಾಯಿತು. ಮೇಡಂ ತಿರುಗಿ ಚೌಕಮ್ಮನನ್ನು ಕೇಳಿದರು: "ಬರೆದವರು ನೀವಲ್ವಾ? ಯಾವುದು ಒಳ್ಳೇದು?"

ಸುಲಭದ ಉತ್ತರ ಮೇಜಿನ ಮೇಲೇ ಹರಡಿತ್ತು. ಬೆರಳು ತೋರಿಸಿದರೆ ಸಾಕಿತ್ತು. ಚೌಕಮ್ಮ ಮೂಲೆಯ ನೂಲಿನ ಉಂಡೆಯನ್ನು ನೋಡಿದಳು, ಯಜಮಾನನನ್ನು ನೋಡಲಿಲ್ಲ.

"ಅಳಿಸಿಹೋಯ್ತಲ್ಲ, ಅದೇ ಚೆನ್ನಾಗಿತ್ತು."

"ಇಲ್ಲದ್ದಕ್ಕೆ ನಾನು ಹೇಗಮ್ಮಾ ಸಹಿ ಹಾಕ್ಲಿ?"

"ಹಾಕೋಕಾಗಲ್ಲ" ಎಂದು ಒಪ್ಪಿಕೊಂಡಳು ಚೌಕಮ್ಮ. ಒಪ್ಪಿಕೊಂಡವಳು ಹೋಗಿ ಕಂಪ್ಯೂಟರಿನ ಮುಂದೆ ಕೂತು ಹಳೆಯ ಕೊಳವನ್ನು ತೆರೆದಳು. ಒಂದು ಮೀನನ್ನು ಹಿಡಿದು ಹಿಂದಕ್ಕೆ ತಿರುಗಿಸಿದಳು. ಬಲಗಡೆಯ ಜೋಡಿಯೂ ಕೂಡಲೇ ತಿರುಗಿತು. ಮೇಡಂ ಕಿಸಕ್ಕನೆ ನಕ್ಕರು.

"ಇದೇನೇ ಇದು, ನಾನು ಒಂದು ಮುಟ್ಟಿದ್ರೆ ಎರಡು ತಿರುಗುತ್ತೆ?" ಎಂದು ಚೌಕಮ್ಮ ನಾದಿನಿಯನ್ನು ಕೇಳಿದಳು.

"ನೀವೇ ಮೊದಲ ವಾರ ಹೇಳಿದ್ರಲ್ಲ ಅತ್ತಿಗೆ, ಕೆಲಸ ಅರ್ಧ ಆಗೋ ಹಾಗೆ ಮಾಡಿಕೊಡು ಅಂತ" ಎಂದಳು ನಾದಿನಿ. "ಕನ್ನಡಿ ಹಾಕಿಟ್ಟಿದ್ದೆ. ಈಗಲೂ ಎಲ್ಲಾ ತಾ ಅಂದ್ರಿ, ಅದನ್ನೂ ತಂದೆ."

"ಅದನ್ನ ತೆಗಿ."

ನಾದಿನಿ ಬಗ್ಗಿ ಎಲ್ಲೋ ಮೂರು ಬಾಗಿಲು ಒಳಗೆ ಹೋಗಿ ಒಂದು ಗುರುತು ಅಳಿಸಿದಳು. ಚೌಕಮ್ಮ ಮತ್ತೆ ಮೀನನ್ನು ಹಿಡಿದಳು. ಈ ಸಲ ಒಂದೇ ತಿರುಗಿತು. ಇನ್ನೊಂದರ ದವಡೆಗೆ ಐದು ಚೌಕ ಸೇರಿಸಿದಳು. ಮೇಡಂ ತಮ್ಮ ಕುರ್ಚಿಯನ್ನು ಮೇಜಿನಿಂದ ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು. ಒಂದು ಮೀನಿಗೆ ಬೆರಳು ತೋರಿಸಿ, "ಇವನು ಮೂಲೇಲಿ ಒಬ್ಬನೇ ಇರ್ಲಿ. ಅಂಥವರೂ ಬರ್ತಾರೆ ನಮ್ಮಲ್ಲಿಗೆ" ಎಂದರು. ಚೌಕಮ್ಮ ಅದನ್ನು ಮೂಲೆಗೆ ಒಯ್ದಳು. ಹೀಗೇ ಏಳೆಂಟಾದವು. ಯಜಮಾನ ಎರಡು ಸಲ ಕೆಮ್ಮಿದ, ಒಂದು ಸಲ ಗಡಿಯಾರ ನೋಡಿದ.

ಕೊನೆಗೆ ಮೇಡಂ ಎದ್ದು ಮೇಜಿನ ಹತ್ತಿರ ಹೋಗಿ, ಮುದ್ರಿಸಿದ ಹಾಳೆಯ ಮೇಲೆಯೇ ಸಹಿ ಹಾಕಿದರು. ಸಹಿಯ ಕೆಳಗೆ ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಬರೆದರು: ಕೊಳ ಇದೇ ಇರಲಿ, ಯಾವ ಎರಡು ಮೀನೂ ಒಂದೇ ಥರ ಇರಕೂಡದು. ಯಜಮಾನ ಅದನ್ನು ಎರಡು ಸಲ ಓದಿದ.

"ಇದು ಸಿದ್ಧ ಚಿತ್ರದಲ್ಲಿ ಸಿಗಲ್ಲ ಅನ್ಸುತ್ತೆ" ಎಂದ, ಯಾರಿಗೂ ಅಲ್ಲದಂತೆ. ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಮೇಡಂ ಅವರನ್ನು ಬೀದಿಯವರೆಗೆ ಕಳಿಸಲು ಹೋದ.

ನಾದಿನಿ ಕಂಪ್ಯೂಟರಿಗೆ ಒಂದು ಸಣ್ಣ ಪೆನ್ ಡ್ರೈವ್ ಚುಚ್ಚಿ ಚಿತ್ರದ ಪ್ರತಿಯನ್ನು ಅದರಲ್ಲಿಟ್ಟಳು, ಇನ್ನೊಂದನ್ನು ಜಗಲಿಯಲ್ಲಿಟ್ಟಳು. ಚೌಕಮ್ಮ ಮುಂದಿನ ಮೀನಿಗೆ ಕೈ ಹಾಕಿದಳು. ಬೆಳಗಿನ ಮೂವತ್ತಾರರಲ್ಲಿ ಅವಳಿಗೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದವು ಹತ್ತೋ ಹನ್ನೆರಡೋ. ಉಳಿದವು ಹೋದವು. ದೊಡ್ಡಮ್ಮ ಸ್ಟೂಲು ತಂದು ಪಕ್ಕದಲ್ಲೇ ಕೂತಳು. ಅವಳ ಲೆಕ್ಕದಲ್ಲಿ ಇಪ್ಪತ್ತು ನೆನಪಿದ್ದವು, ಎಲ್ಲಕ್ಕೂ ಸಂಸಾರವಿತ್ತು.

"ಸೊಟ್ಟ ಬಾಲದವನು ಎಡಕ್ಕೆ ಹೊರಟಿದ್ದ."

"ಬಲಕ್ಕೆ ದೊಡ್ಡಮ್ಮ. ನಾನೇ ಬರೆದಿದ್ದು."

"ನೀನು ಬರೆದೆ, ನಾನು ನೋಡ್ದೆ. ಬರೆಯೋರಿಗೆ ಮೂಗಿನ ತುದಿ ಅಷ್ಟೇ ಕಾಣೋದು. ಎಡಕ್ಕೆ."

"ಎಡಕ್ಕೆ ಹೋದ್ರೆ ಹಳದಿಯವಳಿಗೆ ಡಿಕ್ಕಿ ಹೊಡೀತಾನೆ."

"ಹೊಡೀಲಿ. ಅದಕ್ಕೇ ಬಾಲ ಸೊಟ್ಟ ಆಗಿದ್ದು."

ಚೌಕಮ್ಮ ಮೀನನ್ನು ಎಡಕ್ಕೆ ತಿರುಗಿಸಿ, ಹಳದಿಯವಳನ್ನು ನಾಲ್ಕು ಚೌಕ ಮೇಲಕ್ಕೆ ಸರಿಸಿದಳು.